ಹೊಸ್ತಿಲ ಮೇಲೆ ಎದ್ದ ಗೋಡೆ

ಮುದುಕಿ ಗೋಡೆಗೆ ಕುಂಕುಮ ಇಡುತ್ತಿದ್ದಳು.

ಬಾಗಿಲಿಗಲ್ಲ, ದೇವರ ಗೂಡಿಗೂ ಅಲ್ಲ. ಕಾರಿಡಾರಿನ ಕೊನೆಯಲ್ಲಿ ಮಸಿ ಹಿಡಿದು ನಿಂತಿದ್ದ ಬರೀ ಗೋಡೆಯ ಬುಡಕ್ಕೆ. ಮೊಣಕಾಲೂರಿ ಕೂತು, ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಅರಿಶಿನ ಉದ್ದಕ್ಕೆ ಸವರಿದಳು. ಅದರ ಮೇಲೆ ಬೆರಳ ತುದಿಯಿಂದ ಒಂದು, ಎರಡು, ಮೂರು ಬೊಟ್ಟು. ಆಮೇಲೆ ಎರಡೂ ಕೈ ಗೋಡೆಗೆ ಒತ್ತಿ ಹಣೆ ತಾಗಿಸಿದಳು. ಏಳುವಾಗ ಹಣೆಯ ವಿಭೂತಿಯ ಮೇಲೆ ಮಸಿ ಮೆತ್ತಿಕೊಂಡಿತ್ತು.

ಕ್ರಾಂತಿಕುಮಾರ ಮುಂಬಾಗಿಲ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಒಳಗೆ ಬರುವ ಅಧಿಕಾರ ಅವನಿಗಿರಲಿಲ್ಲ.

ಆರು ದಿನಗಳ ಹಿಂದೆ, ಶನಿವಾರ ಮಧ್ಯಾಹ್ನ, ಜಹೀರಾಬಾದಿನ ಈ ಚಿಕ್ಕ ಲಾಡ್ಜಿನಲ್ಲಿ ಬೆಂಕಿ ಬಿದ್ದು, ತಾಂಡೂರಿನ ಕಲ್ಲು ಪಾಲಿಶ್ ಮೇಸ್ತ್ರಿ ಪೋಚಪ್ಪ ಇದೇ ಗೋಡೆಯ ಕೆಳಗೆ ಹೊಗೆ ಕುಡಿದು ಸತ್ತಿದ್ದ. ಅಲ್ಲೊಂದು ಹಿಂಬಾಗಿಲಿದೆ ಎಂದು ಬರೆದು ಸಹಿ ಹಾಕಿದ್ದ ಪುರಸಭೆ ಕಟ್ಟಡ ಶಾಖೆಯ ಓವರ್ಸಿಯರ್ ಕ್ರಾಂತಿಕುಮಾರ ಅಮಾನತಾಗಿದ್ದ.

ಜನ ಬಾಡಿಗೆಗೆ ತಂಗುವ ಮನೆಗೆ ಒಂದೇ ದಾರಿ ಸಾಲದು. ಒಂದು ದಾರಿಗೆ ಬೆಂಕಿ ಬಿದ್ದರೆ ಇನ್ನೊಂದು ಇರಬೇಕು. ನಿಯಮ ಅಷ್ಟೇ. ಅಷ್ಟನ್ನು ನೋಡಲಿಕ್ಕೇ ಸರ್ಕಾರ ಅವನಿಗೆ ಸಂಬಳ ಕೊಡುತ್ತಿತ್ತು. ಈಗ ಎಲ್ಲರೂ ಹೇಳುವುದು ಒಂದೇ ಮಾತು: ಕುರ್ಚಿ ಬಿಟ್ಟು ಏಳದೆ ಸಹಿ ಹಾಕಿದ, ಒಬ್ಬನ ಜೀವ ತೆಗೆದ. ಸೋಮವಾರ ಸಂಗಾರೆಡ್ಡಿಯಲ್ಲಿ ವಿಚಾರಣೆ. ಅಷ್ಟರೊಳಗೆ ಈ ಗೋಡೆಯಲ್ಲಿ ಬಾಗಿಲಿತ್ತು ಎಂದು ತೋರಿಸದಿದ್ದರೆ ನೌಕರಿ ಹೋಗುತ್ತದೆ, ಹಿಂದೆಯೇ ಜೈಲು.

ಆದರೆ ಬಾಗಿಲಿತ್ತು. ಮೂರು ತಿಂಗಳ ಹಿಂದೆ ಪರವಾನಗಿ ನವೀಕರಣಕ್ಕೆ ಬಂದಾಗ ಟೇಪು ಹಿಡಿದು ಅದರ ಅಗಲ ಅಳೆದಿದ್ದ. ಹಳೇ ಮನೆಯ ಗಿಡ್ಡ ಚೌಕಟ್ಟು. ದಾಟುವಾಗ ತಲೆ ಬಡಿದು ನೆತ್ತಿಯಲ್ಲಿ ಲಿಂಬೆಹಣ್ಣಿನಷ್ಟು ಬುಗುಟೆ ಎದ್ದಿತ್ತು. ಫೋಟೊ ತೆಗೆಯೋಣವೆಂದರೆ ಫೋನು ಸತ್ತಿತ್ತು. ಅವನಿಗೆ ಕರೆ ಮಾಡುವವರು ಕಡಿಮೆ; ಫೋನು ಸತ್ತು ಎರಡು ದಿನವಾದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಇಳಿದುಹೋದ ಬುಗುಟೆಗೆ ಸಾಕ್ಷಿ ಎಲ್ಲಿಂದ ತರುವುದು?

ಅವನು ಮೆಲ್ಲಗೆ ನಡೆದು ಗೋಡೆಯ ಹತ್ತಿರ ಬಂದ. ಮುದುಕಿ ತಿರುಗಿ ನೋಡಿದಳು. ಲಾಡ್ಜಿನ ಮಾಲಿಕ ಲಿಂಗರಾಜನ ತಾಯಿ ಜಗದೇವಿ. ಬೆಂಕಿ ಬಿದ್ದ ದಿನದಿಂದ ಆಕೆ ಯಾರ ಜೊತೆಗೂ ಒಂದು ಮಾತೂ ಆಡಿಲ್ಲ ಎಂದು ಊರು ಹೇಳುತ್ತಿತ್ತು. ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು, ಅಷ್ಟೇ. ಮಾತಾಡದವರ ಜೊತೆ ನಿಲ್ಲುವುದು ಅವನಿಗೆ ಕಷ್ಟವಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿ ಹತ್ತು ವರ್ಷದಿಂದ ಅದೇ ಅಭ್ಯಾಸ.

ಗೋಡೆಯ ಬಲಬದಿಯಲ್ಲಿ, ಎದೆಯೆತ್ತರದಲ್ಲಿ, ಗೀರುಗಳಿದ್ದವು.

ಪೊಲೀಸರೂ ನೋಡಿದ್ದರು. ಸಾಯುವವನು ಪರಚದೆ ಇರುತ್ತಾನೆಯೇ ಎಂದು ಬಿಟ್ಟಿದ್ದರು. ಕ್ರಾಂತಿಕುಮಾರ ಬಗ್ಗಿ ನೋಡಿದ. ದಾರಿ ತಪ್ಪಿದವನು ಗೋಡೆಯನ್ನೆಲ್ಲ ಪರಚುತ್ತಾನೆ. ಇಲ್ಲಿ ಗೀರುಗಳೆಲ್ಲ ಒಂದೇ ಕಡೆ, ಅಂಗೈ ಅಗಲದ ಜಾಗದಲ್ಲಿ, ಒಂದರ ಮೇಲೊಂದು. ಉಗುರು ಸಿಮೆಂಟಿನೊಳಗೆ ಇಳಿದಿತ್ತು.

ಹಳೇ ಸಿಮೆಂಟಿಗೆ ಉಗುರು ಇಳಿಯುವುದಿಲ್ಲ.

"ಯಾರ್ರೀ ಅವ್ರು?"

ಮುಂಬಾಗಿಲಲ್ಲಿ ಲಿಂಗರಾಜ ನಿಂತಿದ್ದ. ಐವತ್ತು ದಾಟಿದ ಎತ್ತರದ ಆಳು, ಹಣೆ ತುಂಬ ವಿಭೂತಿ, ಕೈಯಲ್ಲಿ ಸುಣ್ಣದ ಬಕೀಟು.

"ಓಹೋ, ಓವರ್ಸಿಯರ್ ಸಾಹೇಬ್ರು! ಸಸ್ಪೆಂಡ್ ಆದ ಮ್ಯಾಲೂ ಡ್ಯೂಟಿ ಬಿಟ್ಟಿಲ್ಲ ನೋಡ್ರಿ."

"ಬಾಗಲಾ ತೆರದಿತ್ತು."

"ಬಾಗಲಾ ತೆರದಿದ್ರ ಎಮ್ಮಿನೂ ಒಳಗ ಬರ್ತದ."

"ಎಮ್ಮಿಗೆ ನೋಟಿಸ್ ಕೊಡಂಗಿಲ್ಲ ಸಾವ್ಕಾರ್ರ, ನನಗ ಕೊಟ್ಟಾರ. ಸೋಮವಾರ ಹೋಗಬೇಕು. ಒಂದೇ ಮಾತು ಕೇಳಿ ಹೋಗ್ತೀನಿ. ಈ ಗೋಡಿ ಯಾವಾಗ ಕಟ್ಟಿಸಿದ್ರಿ?"

"ಪೊಲೀಸ್ರಿಗೆ ಹೇಳೀನಲ್ರಿ. ನಾಕು ವರ್ಷ ಆತು. ಹಿತ್ತಲದಾಗಿಂದ ಹಾವು ಬರ್ಲತ್ತಿದ್ವು, ಮುಚ್ಚಿಸಿಬಿಟ್ಟೆ." ಲಿಂಗರಾಜ ಬಕೀಟು ಕೆಳಗಿಟ್ಟು ಕೈ ಮುಗಿದ. "ನಂದ ತಪ್ಪು. ಎರಡು ದಾರಿ ಇಡಬೇಕಂತ ನಿಯಮ ಅದ, ನಾ ಒಂದು ಮುಚ್ಚೀನಿ. ದಂಡ ಹಾಕ್ಲಿ, ಲಾಡ್ಜ್ ಬಂದ್ ಮಾಡ್ಲಿ, ಕೋರ್ಟಿಗಿ ಎಳೀಲಿ. ಕೈಮುಗದು ಒಪ್ಕೋತೀನಿ."

ಕ್ರಾಂತಿಕುಮಾರ ಅವನ ಮುಗಿದ ಕೈಗಳನ್ನೇ ನೋಡಿದ. ಹತ್ತು ವರ್ಷದ ನೌಕರಿಯಲ್ಲಿ ಇಂಥ ಕೈಗಳನ್ನು ಅವನು ಕಂಡಿರಲಿಲ್ಲ. ಅರ್ಧ ಅಡಿ ಮುಂದೆ ಚಾಚಿದ ಚಜ್ಜಾ ಕೆಡವಿ ಎಂದರೂ ಜನ ಹೈದರಾಬಾದಿನವರೆಗೆ ಫೋನು ಮಾಡಿಸುತ್ತಾರೆ. ಗೋಡೆಯ ಬಳಿ ನಿಂತುಕೊಂಡೇ ‘ಗೋಡೆ ಎಲ್ಲಿದೆ’ ಎಂದು ಕೇಳಿದವರನ್ನೂ ಅವನು ನೋಡಿದ್ದಾನೆ. ಇಷ್ಟು ಅವಸರದಲ್ಲಿ ಒಂದು ತಪ್ಪು ಒಪ್ಪಿಕೊಳ್ಳುವವನು ಅದರ ಹಿಂದೆ ಇನ್ನೊಂದನ್ನು ನಿಲ್ಲಿಸಿಕೊಂಡಿರಬೇಕು.

"ಪೋಚಪ್ಪ ಇಲ್ಲಿಗಿ ಬರಾಕ ಹತ್ತಿ ಎಷ್ಟು ದಿನ ಆಗಿತ್ತು?"

"ಮೂರು ವರ್ಷ. ತಿಂಗಳಿಗೊಮ್ಮಿ ಝರಾಸಂಗಂ ದೇವರಿಗಿ ಬರ್ತಿದ್ದ. ಆರನೇ ಕೋಣಿ ಅವಂದ. ಪಾಪ, ದೇವರಂಥ ಮನುಷ್ಯ."

"ಮೂರೇ ವರ್ಷ? ಪಕ್ಕಾ?"

"ರಿಜಿಸ್ಟರ್ ಪೊಲೀಸ್ರ ಹಂತೇಕ ಅದ, ನೋಡ್ಕೋ ಹೋಗ್ರಿ."

"ಮುಚ್ಚಿಸಿದ ಬಾಗಲಿಗಿ ಅಗಳಿ ಎಡಕ್ಕಿತ್ತೋ ಬಲಕ್ಕಿತ್ತೋ?"

"ಬಲಕ್ಕ." ಲಿಂಗರಾಜ ಹುಬ್ಬು ಗಂಟಿಕ್ಕಿದ. "ಯಾಕ್ರಿ?"

ಕ್ರಾಂತಿಕುಮಾರ ಗೀರುಗಳ ಮೇಲೆ ಬೆರಳಿಟ್ಟ.

"ಪೋಚಪ್ಪ ಇಲ್ಲಿ ಅಗಳಿ ಹುಡುಕ್ಯಾನ. ಹೊಗ್ಯಾಗ ಕಣ್ಣು ಕಾಣಲಿಲ್ಲ, ಕೈ ತಾನಾಗೇ ಬಲಕ್ಕ ಹೋಗ್ಯಾದ. ಬರಾಬರ್ ಅಗಳಿ ಇದ್ದ ಜಾಗಕ್ಕ. ಬಾಗಲಾ ಮುಚ್ಚಿ ನಾಕು ವರ್ಷ, ಅಂವ ಬರಾಕ ಹತ್ತಿ ಮೂರು ವರ್ಷ. ಕಂಡೇ ಇರದ ಅಗಳಿ ಎಲ್ಲಿತ್ತಂತ ಅವಗ ಹ್ಯಾಂಗ ಗೊತ್ತಾತು ಸಾವ್ಕಾರ್ರ?"

ಲಿಂಗರಾಜ ಬಕೀಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೋಯಿತು.

ಲಿಂಗರಾಜನ ಮುಖದಲ್ಲಿ ಬಂದದ್ದು ಸಿಟ್ಟಲ್ಲ. ಅದನ್ನು ಕ್ರಾಂತಿಕುಮಾರ ಮರೆಯಲಾರ. ಅದು ಅಂಜಿಕೆ. ಎದುರಿಗೆ ನಿಂತ ಓವರ್ಸಿಯರನ ಅಂಜಿಕೆಯಲ್ಲ, ಅಲ್ಲಿಲ್ಲದ ಬೇರೆ ಯಾರದೋ.

"ಸತ್ತವ ಹ್ಯಾಂಗ ಪರಚ್ಯಾನ, ಎಲ್ಲಿ ಪರಚ್ಯಾನ, ನನಗೇನ್ ಗೊತ್ತರಿ?" ಎಂದು ಲಿಂಗರಾಜ ಒದರಿದ. "ನಾಳಿ ಸುಣ್ಣದವ್ರು ಬರ್ತಾರ, ಎಲ್ಲಾ ಬೆಳ್ಳಗ ಆಗ್ತದ. ಈಗ ನೀವು ಹೊರಗ ನಡೀರಿ. ಇಲ್ಲಂದ್ರ ಠಾಣಾಕ್ಕ ಫೋನ್ ಮಾಡ್ತೀನಿ."

"ಮಾಡ್ರಿ."

ಲಿಂಗರಾಜ ತಾಯಿಯ ಕಡೆ ಒಮ್ಮೆ ನೋಡಿದ. ಆಕೆ ನೆಲ ನೋಡುತ್ತಿದ್ದಳು. ಫೋನು ಕಿವಿಗೆ ಒತ್ತಿಕೊಂಡು ಅವನು ಅಂಗಳಕ್ಕಿಳಿದು ಹೋದ.

ಮುದುಕಿ ಕುಂಕುಮದ ಬಟ್ಟಲನ್ನು ಸೆರಗಿನಿಂದ ಹೊರಗೆ ತೆಗೆದಳು.

"ನೆತ್ತಿ ಮ್ಯಾಲಿನ ಬಾವು ಇಳೀತೇನ್ ಯಪ್ಪಾ?"

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಆರು ದಿನದಿಂದ ಅವನ ಮಾತನ್ನು ಯಾರೂ ನಂಬಿರಲಿಲ್ಲ. ಆಗೀಗ ಅವನೇ ನಂಬಿರಲಿಲ್ಲ. ಬೆಳಗಿನ ಜಾವ ಎಚ್ಚರವಾದಾಗ, ನಾನು ನಿಜಕ್ಕೂ ಹೋಗಿದ್ದೆನೇ, ಆ ಬಾಗಿಲು ಬೇರೆ ಯಾವುದೋ ಮನೆಯದಲ್ಲವೇ ಎಂದು ಅನ್ನಿಸುತ್ತಿತ್ತು.

"ಅವ್ವಾ," ಎಂದ. "ನಿಮಗ ನೆನಪದನ?"

"ಎತ್ತರ ಮಂದಿ ಆ ಬಾಗಲಾಗ ಬಗ್ಗಲೇಬೇಕು. ನಮ್ಮ ಮನಿಯವ್ರೂ ಲಗ್ನ ಆದ ವರ್ಷ ಬಡಸ್ಕೊಂಡಿದ್ರು. ಅದಕ್ಕ ಅವತ್ತು ನಿನ್ನ ನೋಡಿ ನಗು ಬಂತು. ಬ್ಯಾಸರ ಮಾಡ್ಕೋಬ್ಯಾಡ."

"ಪೊಲೀಸ್ರು ನಿಮ್ಮನ್ನ ಕೇಳಲಿಲ್ಲೇನು?"

"ಕೇಳಿದ್ರು. ಅವ್ವನಿಗಿ ಅರಳುಮರಳು ಅಂದ ಮಗಾ." ಮುದುಕಿಯ ದನಿಯಲ್ಲಿ ದೂರು ಇರಲಿಲ್ಲ. "ಹೆತ್ತ ಮಗಾ ಅರಳುಮರಳು ಅಂದ ಮ್ಯಾಲ ನಾ ಏನ್ ಮಾತಾಡ್ಲಿ? ಸುಮ್ಮನಾದೆ. ಕುಂಕುಮ ಇಡಾಕ ಮಾತು ಬೇಕಾಗಂಗಿಲ್ಲ."

ಆಕೆ ಮತ್ತೆ ಕುಳಿತು ಗೋಡೆಯ ಬುಡ ತೋರಿಸಿದಳು. ಗೋಡೆಗೂ ನೆಲಕ್ಕೂ ನಡುವೆ ಬೆರಳುದ್ದ ಅಗಲದ ಸಿಮೆಂಟಿನ ಪಟ್ಟಿ ಓರೆಯಾಗಿ ಮೆತ್ತಿತ್ತು. ಈಗತಾನೇ ಇಟ್ಟ ಮೂರು ಬೊಟ್ಟು ಅದರ ಮೇಲಿದ್ದವು.

"ಗೌಂಡಿ ಬಾಗಲಾ ಕಿತ್ತ, ಚೌಕಟ್ಟು ಕಿತ್ತ. ಹೊಸ್ತಿಲ ಕಿತ್ತಿಲ್ಲ. ಯಾವ ಗೌಂಡಿನೂ ಕೀಳಂಗಿಲ್ಲ. ಹೊಸ್ತಿಲ ಕಿತ್ತವನ ಮನ್ಯಾಗ ದೀಪ ಹತ್ತಂಗಿಲ್ಲಂತ. ಅದರ ಮ್ಯಾಲೇ ಇಟ್ಟಂಗಿ ಏರಿಸಿ ಹೋಗ್ಯಾನ."

ಕ್ರಾಂತಿಕುಮಾರ ಚೀಲದಿಂದ ತೂಗುಗುಂಡು ತೆಗೆದ. ಗೋಡೆ ನೆಟ್ಟಗಿದೆಯೇ ಎಂದು ನೋಡುವ ಹಿತ್ತಾಳೆ ಗುಂಡು. ಅದರ ತುದಿ ಚೂಪು. ಪಟ್ಟಿಯ ಮೇಲೆ ಕುಟ್ಟಿದ. ಮೊದಲ ಏಟಿಗೆ ಬಿರುಕು ಬಿಟ್ಟಿತು, ನಾಲ್ಕನೆಯದಕ್ಕೆ ಹೋಳಾಗಿ ಎದ್ದಿತು. ಕೆಳಗೆ ತಾಂಡೂರು ಕಲ್ಲಿನ ಹೊಸ್ತಿಲು. ನೂರು ವರ್ಷ ಕಾಲು ತುಳಿದು ನಡುವೆ ತಗ್ಗಾದ ಕಲ್ಲು.

ಕಲ್ಲಿನ ಮೇಲೆ ಕುಂಕುಮದ ಬೊಟ್ಟುಗಳಿದ್ದವು. ಪೂರ್ತಿ ಬೊಟ್ಟುಗಳಲ್ಲ, ಅರ್ಧರ್ಧ. ಉಳಿದರ್ಧ ಗೋಡೆಯ ಕೆಳಗೆ. ಬೊಟ್ಟಿನ ಸುತ್ತಲಿನ ಅರಿಶಿನ, ಹಸಿ ಸಿಮೆಂಟು ತಾಗಿದ ಕಡೆಯೆಲ್ಲ ಕೆಂಪಗೆ ತಿರುಗಿತ್ತು. ಸುಣ್ಣ ಬಿದ್ದ ಅರಿಶಿನ ಕೆಂಪಾಗುವುದನ್ನು ಅವನು ಅಜ್ಜಿ ಸುಭದ್ರಮ್ಮನ ಕೈಯಲ್ಲಿ ನೋಡಿದ್ದ. ಅವನ ಊರು ನಾಗಲಗಿದ್ದದ ಮನೆಯಲ್ಲಿ ಅಪ್ಪ ಬುದ್ಧನ ಪಟ ತಂದಿಟ್ಟ ದಿನ ಹೊಸ್ತಿಲ ಪೂಜೆ ನಿಲ್ಲಿಸಿದ್ದ. ಅಜ್ಜಿ ಮಾತ್ರ ಅಪ್ಪ ಹೊಲಕ್ಕೆ ಹೋದ ಮೇಲೆ ಇಟ್ಟು, ಅವನು ಬರುವ ಮೊದಲು ಒರೆಸುತ್ತಿದ್ದಳು.

ಅವನು ಎಣಿಸಿದ. ಐದು.

"ಅವ್ವಾ, ಈಗ ಮೂರು ಇಟ್ರಿ. ಕೆಳಗ ಐದವ."

"ವಾರ ವಾರ ಮೂರ. ಮನ್ಯಾಗ ಶುಭ ಇದ್ರ ಐದು." ಮುದುಕಿ ಒಂದು ಅರ್ಧ ಬೊಟ್ಟಿನ ಮೇಲೆ ಮೆತ್ತಗೆ ಬೆರಳಾಡಿಸಿದಳು. "ಹ್ವಾದ ಶುಕ್ರವಾರ ಮೊಮ್ಮಗಳ ನಿಶ್ಚಯ ಇತ್ತು, ಬೀದರಿನ್ಯಾಗ. ಮುಂಜಾನೆ ಎದ್ದು ಹೊಸ್ತಿಲ ತೊಳದು ಐದಿಟ್ಟೆ, ಕಣಗಿಲ ಹೂವು ಇಟ್ಟೆ. ಮಧ್ಯಾಹ್ನ ನಮ್ಮನ್ನೆಲ್ಲ ಜೀಪಿನ್ಯಾಗ ಮುಂದ ಕಳಿಸಿದ. ತಾ ಸಂಜಿಗಿ ಬಂದ. ಮರುದಿನ ಬೆಂಕಿ ಸುದ್ದಿ ಕೇಳಿ ಬಂದು ನೋಡ್ತೀನಿ, ಬಾಗಲೇ ಇಲ್ಲ."

ಒಡೆದ ಸಿಮೆಂಟಿನ ಹೋಳನ್ನು ಕ್ರಾಂತಿಕುಮಾರ ಮಗುಚಿದ. ಅದರ ಒಳಮೈಗೆ ಒಂದು ಎಸಳು ಅಂಟಿತ್ತು. ಬಾಡಿ ತೆಳ್ಳಗಾಗಿತ್ತು, ಆದರೆ ಗುಲಾಬಿ ಬಣ್ಣ ಇನ್ನೂ ಇತ್ತು. ನಾಲ್ಕು ವರ್ಷದ ಹಿಂದಿನ ಹೂವಲ್ಲ ಅದು. ಒಂದು ವಾರದ್ದು.

ಹಾಗಾದರೆ ಬಾಗಿಲು ಮುಚ್ಚಿದ್ದು ಬೆಂಕಿಯ ಹಿಂದಿನ ದಿನ. ಶುಕ್ರವಾರ ಹಿಂದಿನ ದಾರಿ ಮುಚ್ಚಿತು, ಶನಿವಾರ ಮುಂದಿನ ದಾರಿಗೆ ಬೆಂಕಿ ಬಿತ್ತು, ನಡುವೆ ಪೋಚಪ್ಪನೊಬ್ಬನೇ ಮಲಗಿದ್ದ. ಇದು ನಿಯಮ ಮೀರಿದ ಕಟ್ಟಡವಲ್ಲ. ಇದು ಕೊಲೆ. ದಂಡ ಕಟ್ಟಿ ಮುಗಿಸಬಹುದಾದ ತಪ್ಪನ್ನು ಲಿಂಗರಾಜ ಇದರ ಮುಂದೆ ಅಡ್ಡ ಹಿಡಿದಿದ್ದ.

"ಯಾಕ ಮುಚ್ಚಿಸಿದಾ ಅವ್ವಾ? ಏನರೆ ಅಂದನ?"

ಮುದುಕಿ ಅವನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಕರುಣೆಯಿತ್ತು, ಜೊತೆಗೆ ಒಂದು ಅನುಮಾನವೂ.

"ನಿಮ್ಮ ಕಚೇರಿದವ್ರೇ ಹೇಳೀರಲ್ಲೋ ಯಪ್ಪಾ, ಮುಚ್ಚಂತ."

"ನಾವು?"

"ಶುಕ್ರವಾರ ಮುಂಜಾನೆ ಕಾಗದ ಬಂತು. ಓದಿ, ಹಿಂದಿನ ಬಾಗಲಾ ಮುಚ್ಚಬೇಕಂತ ಅನ್ಕೋತ ಮಗನ ಮಾರಿ ಸಣ್ಣದಾತು. ಮುಂದಿನ ಮೇಜಿನ ಮ್ಯಾಲ ಒಗದಿದ್ದ, ನಾ ಎತ್ತಿಟ್ಟೆ. ನನಗ ಓದಾಕ ಬರಂಗಿಲ್ಲ. ಆದ್ರ ಠಸ್ಸೆ ಇದ್ದ ಕಾಗದ ನಾ ಒಗಿಯಂಗಿಲ್ಲ. ಒಂದು ಕಾಗದ ಕಳದದ್ದಕ್ಕ ನಮ್ಮಪ್ಪನ ಹೊಲ ಹೋಗ್ಯಾದ." ಆಕೆ ಸೊಂಟದ ಚೀಲ ಬಿಚ್ಚಿ, ವಿಭೂತಿ ಗಟ್ಟಿಯ ಕೆಳಗಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. "ಬೀದರಿಗೂ ಇದು ನನ್ನ ಜೋಡಿನೇ ಬಂತು. ಮೇಜಿನ ಜೋಡಿನೇ ಸುಟ್ಟದಂತ ತಿಳದಾನ ಮಗಾ."

ಅವನು ಬಿಚ್ಚಿ ಓದಿದ. ತೆಲುಗಿನಲ್ಲಿ ಐದು ಸಾಲು. ಹಿಂಬಾಗಿಲು ನಿಯಮಕ್ಕೆ ವಿರುದ್ಧವಾಗಿ ಪಕ್ಕದವರ ಗಡಿಗೆ ತೆರೆದುಕೊಂಡಿದೆ. ಇಂದು ಸಂಜೆಯೊಳಗೆ ಇಟ್ಟಿಗೆ ಕಟ್ಟಿ ಮುಚ್ಚತಕ್ಕದ್ದು. ತಪ್ಪಿದರೆ ಪರವಾನಗಿ ರದ್ದು. ಮೇಲೆ ಕಚೇರಿಯ ಠಸ್ಸೆ.

ಕೆಳಗೆ ಅವನ ಸಹಿ.

ನಕಲಿಯಲ್ಲ. ಮೊದಲ ಅಕ್ಷರದ ಬಾಲ ಎಡಕ್ಕೆ ಜಾರುವುದು, ಕೊನೆಯಲ್ಲಿ ಪೆನ್ನು ಒತ್ತಿ ಇಡುವ ಚುಕ್ಕೆ, ಎಲ್ಲವೂ ಅವನದೇ.

ಆ ಸಹಿ ಅಲ್ಲಿಗೆ ಹೇಗೆ ಬಂತೆಂದು ಅವನಿಗೆ ತಿಳಿಯಿತು, ತಿಳಿಯಬಾರದಾಗಿತ್ತು ಅನ್ನಿಸಿತು. ನಾರಾಯಣಖೇಡದ ಹೊಣೆಯೂ ಅವನ ತಲೆಗೇ ಕಟ್ಟಿ ಎರಡು ವರ್ಷವಾಗಿತ್ತು. ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಶುಕ್ರವಾರ, ಬಸ್ಸು ಹಿಡಿದು ಅಲ್ಲಿಗೆ ಹೋಗಬೇಕು. ಇಲ್ಲಿ ಕೆಲಸ ನಿಲ್ಲಬಾರದೆಂದು ಹೋಗುವ ಮುನ್ನ ಖಾಲಿ ನೋಟಿಸು ಹಾಳೆಗಳಿಗೆ ಸಹಿ ಹಾಕಿ ಇಟ್ಟುಹೋಗುತ್ತಿದ್ದ. ಎರಡೆರಡು ಊರು ನೋಡುವವರು ಎಲ್ಲರೂ ಮಾಡುವುದೇ ಅದು. ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ.

ಬಾಗಿಲಿತ್ತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಲ್ಲದ ಬಾಗಿಲನ್ನು ಯಾರೂ ಮುಚ್ಚು ಎನ್ನುವುದಿಲ್ಲ. ಸೋಮವಾರ ಇದನ್ನು ಮೇಜಿನ ಮೇಲಿಟ್ಟರೆ ಸುಳ್ಳು ವರದಿ ಬರೆದವನೆಂಬ ಹೆಸರು ಅಳಿಯುತ್ತದೆ. ಪೋಚಪ್ಪನ ದಾರಿ ಮುಚ್ಚಿಸಿದವನೆಂಬ ಹೆಸರು ಬರುತ್ತದೆ.

ಕಣ್ಣು ಮೇಲಕ್ಕೆ, ತಾರೀಖಿನ ಕಡೆ ಹೋಯಿತು. ತಾರೀಖಿನ ಕೆಳಗೆ ಎರಡು ಗೆರೆ, ಮೇಲಿನದು ಉದ್ದ, ಕೆಳಗಿನದು ಗಿಡ್ಡ.

ಆ ಎರಡು ಗೆರೆ ಅವನಿಗೆ ಗೊತ್ತಿತ್ತು. ಅಮಾನತಿನ ಆದೇಶದ ಲಕೋಟೆಯ ಮೇಲೂ ಅವೇ ಗೆರೆ. ಅದರ ಮೇಲೆ ತಾರೀಖು ಬರೆದು ಅವನ ಕೈಗೆ ಕೊಡುವಾಗ ಸ್ವರೂಪಾಳ ಕಣ್ಣು ತುಂಬಿತ್ತು. ಕಟ್ಟಡ ಶಾಖೆಯ ಗುಮಾಸ್ತೆ; ಸಹಿ ಹಾಕಿದ ಖಾಲಿ ಹಾಳೆಗಳಿದ್ದ ಡ್ರಾಯರಿನ ಕೀಲಿ ಇದ್ದದ್ದು ಅವಳೊಬ್ಬಳ ಹತ್ತಿರ. ದಿನಕ್ಕೊಮ್ಮೆ ‘ಉಂಡ್ರೇನ್ರಿ ಸರ್’ ಎಂದು ಅವನನ್ನು ಕೇಳುವ ಜೀವವೂ ಈ ಊರಿನಲ್ಲಿ ಅವಳೊಬ್ಬಳೇ. ಆ ಒಂದು ಮಾತಿಗಾಗಿ ಅವನು ಎಷ್ಟೋ ದಿನ ಊಟ ತಡ ಮಾಡಿದ್ದುಂಟು. ಪೋಚಪ್ಪ ಸಾಯುವುದು ಅವಳಿಗೆ ಯಾಕೆ ಬೇಕಾಗಿತ್ತು?

"ಅವ್ವಾ, ಈ ಕಾಗದ ಯಾರು ತಂದ್ರು?"

ಮುದುಕಿ ಹೇಳುವ ಮೊದಲೇ ಅವನ ಜೇಬಿನಲ್ಲಿ ಫೋನು ಅದುರಿತು. ಚಾರ್ಜು ಕೆಂಪಿಗಿಳಿದಿತ್ತು. ಪರದೆಯ ಮೇಲೆ ಅವಳ ಹೆಸರು.

"ಸರ್, ಉಂಡ್ರೇನ್ರಿ?"

ದನಿ ಎಂದಿನಂತೆಯೇ ಮೆತ್ತಗಿತ್ತು.

"ಇನ್ನೂ ಇಲ್ಲ."

"ಎಲ್ಲಿದ್ದೀರಿ?"

"ಕೋಣ್ಯಾಗ." ಯಾಕೆ ಸುಳ್ಳು ಹೇಳಿದನೋ ಅವನಿಗೇ ತಿಳಿಯಲಿಲ್ಲ. ಇಲ್ಲಿಗೆ ಬರುವುದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಫೋನಿನಲ್ಲಿ, ತೀರ ಹತ್ತಿರದಲ್ಲಿ, ಕಬ್ಬಿನ ಟ್ರ್ಯಾಕ್ಟರೊಂದು ಹೋದ ಸದ್ದು. ಅದೇ ಸದ್ದು ಅವನ ಇನ್ನೊಂದು ಕಿವಿಗೆ ರಸ್ತೆಯಿಂದಲೂ ಬಂತು.

"ಮುದುಕಿ ಭಾಳ ಮಾತಾಡ್ತಾಳರಿ ಸರ್, ಬಾಗಲ ಹೊರಗ ನಿಂತವ್ರಿಗೂ ಕೇಳಸ್ತದ," ಎಂದಳು ಸ್ವರೂಪಾ. "ಆ ಕಾಗದ ಅಲ್ಲೇ ಇಟ್ಟು ಬಂದಿದ್ರ ಚಲೋ ಇತ್ತು."

ಫೋನು ಸತ್ತಿತು.

ಕಾರಿಡಾರಿನ ಆ ತುದಿಯಲ್ಲಿ, ಮುಂಬಾಗಿಲ ಬೆಳಕು ಮೆಲ್ಲಗೆ ಕಿರಿದಾಗಿ, ಗೆರೆಯಾಗಿ, ಇಲ್ಲವಾಯಿತು. ಹೊರಗಿನಿಂದ ಚಿಲಕ ಬಿದ್ದ ಸದ್ದು.

"ಲಿಂಗರಾಜಾ?" ಎಂದು ಜಗದೇವಿ ಕತ್ತಲಲ್ಲಿ ಕರೆದಳು.

ಯಾರೂ ಓಗೊಡಲಿಲ್ಲ. ಕ್ರಾಂತಿಕುಮಾರನ ಕೈ ತಾನಾಗಿಯೇ ಗೋಡೆಯ ಬಲಕ್ಕೆ ಹೋಗಿ, ಪೋಚಪ್ಪನ ಗೀರುಗಳ ಮೇಲೆ ನಿಂತಿತು. ಆ ಮನೆಗೆ ಈಗ ಇದ್ದದ್ದು ಒಂದೇ ದಾರಿ.